ಪಿಟೀಲು ಕಟ್ಟುವ ಬಟ್ಟೆ

ಪಿಟೀಲು ಬಾರಿಸುತ್ತ ಸ್ವಂತ ಪದ ಹಾಡಬೇಕೆಂದು ಹುಮನಾಬಾದಿನ ನನ್ನ ಮನೆಗೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ: “ಅಕ್ಕೋರ, ಯಾವ ಮೈಕ್ ತಗೊಬೇಕ್ರಿ?” ಮೈಕು ಯಾವುದಾದರೂ ನಡೆಯುತ್ತದೆ. ನಾನು ಅವರಿಗೆ ಮೊದಲು ಹೇಳುವುದು ಒಂದು ಗೂಟದ ಸಂಗತಿ. ಅದನ್ನು ಪೂರ್ತಿ ಕೇಳಿದ ಮೇಲೂ ಈ ಕೆಲಸ ಬೇಕು ಎನ್ನುವವರ ಜೊತೆ ಮಾತ್ರ ಮೈಕಿನ ಮಾತು.

ನಾನು ಸುಭದ್ರಾ, ಬಿ.ಎ. ಈ ಎರಡು ಅಕ್ಷರ ಬಿಟ್ಟು ನನ್ನ ಹೆಸರನ್ನು ನಾನು ಎಲ್ಲಿಯೂ ಬರೆಯುವುದಿಲ್ಲ. ಬರೆದರೆ ಜಂಬ ಎನ್ನುವವರು ಇದ್ದಾರೆ, ಅನ್ನಲಿ. ಮೋರಖಂಡಿಯ ನಮ್ಮ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ನಮ್ಮ ಮನೆಯಲ್ಲಂತೂ ಗಂಡು ಹೆಣ್ಣು ಸೇರಿಸಿ ನಾನೇ ಮೊದಲು. ಅವ್ವ ಅಪ್ಪ ಇಬ್ಬರೂ ಇನ್ನೊಬ್ಬರ ತೊಗರಿ ಹೊಲದಲ್ಲಿ ಕಸ ತೆಗೆದು ಬೆನ್ನು ಬಾಗಿಸಿಕೊಂಡವರು. ಡಿಗ್ರಿಯಿಂದ ಪಿಟೀಲಿಗೆ ಏನು ಬಂತು ಎಂದು ಜನ ಕೇಳುತ್ತಾರೆ. ಒಂದು ಬಂತು. ಉತ್ತರ ತಿಳಿಯದಿದ್ದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕು ಎಂಬ ಪರೀಕ್ಷೆಯ ಬುದ್ಧಿ. ಅದು ಹೇಗೆ ಉಪಯೋಗಕ್ಕೆ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ಯಾವ ಮೇಳಕ್ಕೂ ಸೇರದೆ, ಯಾವ ಕಂಪನಿಗೂ ದುಡಿಯದೆ ಪದ ಕಟ್ಟಿ, ರಾಗ ಕೂಡಿಸಿ, ಬಾರಿಸಿ, ಹಾಡುವುದು ನಾನೊಬ್ಬಳೇ ಮಾಡಿದ ಕೆಲಸ. ಈಗಿನ ಹುಡುಗರು ಇದಕ್ಕೆ ‘ಇಂಡೀ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ನಾನು ಇಂಡಿ ತಾಲ್ಲೂಕಿನವಳಲ್ಲಪ್ಪ, ಬಸವಕಲ್ಯಾಣ ತಾಲ್ಲೂಕಿನವಳು ಎಂದಿದ್ದೆ.

ಇನ್ನು ಗೂಟ.

ಕಾಲೇಜಿನಲ್ಲಿದ್ದಾಗ ಹುಮನಾಬಾದಿನ ಒಂದು ಬಯಲಿನಲ್ಲಿ ಹರದೇಶಿ ನಾಗೇಶಿ ಹಾಡಿಕೆ ಇತ್ತು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂದು. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜಿದ್ದು ಏರಿದರೆ ನಡುವೆ ಒಂದು ಬಿಳಿ ಬಟ್ಟೆ ಹಾಸುತ್ತಿದ್ದರು. ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. ಜವಾಬು ಕೊಡಲಾಗದವರ ವಾದ್ಯವನ್ನು ಆ ಬಟ್ಟೆಯಲ್ಲಿ ಗಂಟು ಕಟ್ಟಿ ಗೆದ್ದವರು ಒಯ್ಯುತ್ತಾರೆ. ಗಂಟು ಬಿಚ್ಚುವ ಹಕ್ಕು ಗೆದ್ದವರಿಗೆ ಮಾತ್ರ, ಇಲ್ಲವೆ ಅವರ ಶಿಷ್ಯರಿಗೆ. ಅಲ್ಲಿಯವರೆಗೆ ಸೋತವರು ಬೇರೆ ವಾದ್ಯ ಹಿಡಿಯುವಂತಿಲ್ಲ, ನಾಲ್ಕು ಜನರ ಮುಂದೆ ಬಾಯಿ ತೆರೆದು ಹಾಡುವಂತಿಲ್ಲ. ಪೊಲೀಸರು ಬಂದು ಹಿಡಿಯುವ ಕಾನೂನೇನಲ್ಲ. ಆದರೆ ನಮ್ಮ ಕಡೆ ಕಾನೂನಿಗಿಂತ ಜನರ ನಗೆಗೆ ಹೆದರುವುದು ಹೆಚ್ಚು.

ಅಂದು ನಾಗೇಶಿ ಕಡೆ ಚಿಟಗುಪ್ಪದ ಚಂದಮ್ಮ. ಕೈಯಲ್ಲಿ ಚರ್ಮ ಬಿಗಿದ ದಪ್ಪು, ಬಯಲಿನಾಚೆಯ ಬಸ್ ನಿಲ್ದಾಣಕ್ಕೆ ಕೇಳುವ ಗಂಟಲು. ಹರದೇಶಿ ಕಡೆ ಶರಣಯ್ಯ ಮಾಸ್ತರರು. ಹೊಲಮನೆ ಇದ್ದವರು, ಊರಿಗೆಲ್ಲ ಪಿಟೀಲು ಕಲಿಸುವವರು, ಹಣೆ ತುಂಬ ವಿಭೂತಿ. ಅವರು ಹಾಕಿದ ಸವಾಲು: ಬೀಜ ಮೊದಲೋ, ನೆಲ ಮೊದಲೋ? ಬೀಜ ಎಂದರೆ ಗಂಡು, ನೆಲ ಎಂದರೆ ಹೆಣ್ಣು. ನೆಲ ಮೊದಲು ಎಂದರೆ ಸಾಲದು, ಯಾಕೆ ಎಂಬುದನ್ನೂ ಪದಕ್ಕೆ ಕೂಡಿಸಬೇಕು. ಚಂದಮ್ಮ ದಪ್ಪು ಬಡಿದಳು, ನಿಂತಳು, ಮತ್ತೆ ಬಡಿದಳು. ಪದ ಕೂಡಲಿಲ್ಲ. ಕೊನೆಗೆ ಬರೀ ಮಾತಿನಲ್ಲಿ ಹೇಳಿಬಿಟ್ಟಳು: “ಬೀಜ ಎತ್ತಿಟ್ಟ ಮಡಿಕಿನೂ ಮಣ್ಣೇ ಅಲ್ಲೇನ್ರಿ ಮಾಸ್ತರ?”

ಕುಳಿತ ಹೆಂಗಸರೆಲ್ಲ ಹೌದು ಹೌದು ಎಂದರು. ಮಾಸ್ತರರು ತಲೆ ಅಲ್ಲಾಡಿಸಿದರು.

“ಮಾತಿನ್ಯಾಗ ಹೇಳಿದ್ದು ಜವಾಬ್ ಅಲ್ಲವ್ವ ಚಂದಮ್ಮ.”

“ಗೊತ್ತದ್ರಿ. ಕಟ್ರಿ.”

ಕಟ್ಟಿದರು. ಚಂದಮ್ಮ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ದಪ್ಪಿನ ಗಂಟು ಮಾಸ್ತರರ ಮನೆಯ ಹೊರಗೋಡೆಯ ಗೂಟಕ್ಕೆ ಬಿತ್ತು.

ಆ ಗೂಟದ ಕೆಳಗಿನ ಕಟ್ಟೆಯೇ ನನ್ನ ಪಾಠಶಾಲೆಯಾಯಿತು.

ಪಿಟೀಲು ಕೊಟ್ಟವನು ಖಾಜಾ ಮಾಮು. ಹುಮನಾಬಾದಿನಲ್ಲಿ ಮದುವೆ ಬ್ಯಾಂಡಿನ ಅಂಗಡಿ ಇಟ್ಟುಕೊಂಡಿದ್ದ, ಡೋಲಕಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂಲೆಯಲ್ಲಿ ಹೊಟ್ಟೆ ಸೀಳಿದ ಪಿಟೀಲೊಂದು ಬಿದ್ದಿತ್ತು. ಕಾಲೇಜಿನಿಂದ ಬರುವಾಗ ನಾನು ದಿನಾ ಅದನ್ನೇ ನೋಡುತ್ತ ನಿಲ್ಲುವುದನ್ನು ಕಂಡು ಅಂಟು ಹಾಕಿ ಕೊಟ್ಟ. “ಬೇಟಾ, ಇದು ಅಳೋ ಬಾಜಾ. ನಗಸೋದು ನಿನ್ನ ಕೈಯಾಗದ,” ಎಂದ. ಕಲಿಸುವುದು ಯಾರು ಎಂದರೆ ಊರಿಗೆ ಒಬ್ಬರೇ. ಚಂದಮ್ಮನ ದಪ್ಪು ಕಟ್ಟಿದ ಶರಣಯ್ಯ ಮಾಸ್ತರರು.

ಹೋದೆ. ನಾನು ಯಾವ ಊರು, ಯಾವ ಓಣಿ ಎಂದು ಕೇಳಿದರು. ಹೇಳಿದೆ. ಹೊಸ್ತಿಲಾಚೆಗೆ ಬೆರಳು ತೋರಿಸಿ, “ಕಟ್ಟಿ ಮ್ಯಾಲ ಕುಂದ್ರು,” ಎಂದರು. ಉಳಿದ ಶಿಷ್ಯರು ಒಳಗೆ ಪಡಸಾಲೆಯಲ್ಲಿ, ನಾನು ಹೊರಗೆ. ಹೊಸ್ತಿಲ ಬಳಿ ಅವರು ಕುಳಿತರೆ ಎರಡೂ ಕಡೆ ಕೇಳುತ್ತಿತ್ತು. ಒಳಗಿನವರ ಬೆರಳನ್ನು ಹಿಡಿದು ತಂತಿಯ ಮೇಲೆ ಇಡುತ್ತಿದ್ದರು, ಕಮಾನು ಹಿಡಿದ ಮಣಿಕಟ್ಟನ್ನು ತಿದ್ದುತ್ತಿದ್ದರು. ನನ್ನ ಪಿಟೀಲನ್ನು ಒಂದು ದಿನವೂ ಮುಟ್ಟಲಿಲ್ಲ. “ಎರಡನೇ ತಂತಿ ಇಳದದ, ಏರಸು. ಇನ್ನೂ ಜರಾ. ಹಾಂ, ನಿಂದ್ರು.” ಎಲ್ಲವೂ ಬಾಯಿಂದ. ಮುಟ್ಟದೆ ಕಲಿಸಲು ಅವರಿಗೆ ಎಷ್ಟು ಕಷ್ಟವಾಯಿತೋ, ಮುಟ್ಟಿಸಿಕೊಳ್ಳದೆ ಕಲಿಯಲು ನನಗೆ ಎಷ್ಟು ಕಷ್ಟವಾಯಿತೋ, ಇಬ್ಬರೂ ಆ ಮಾತೆತ್ತಲಿಲ್ಲ. ಆದರೆ ಹೀಗೆ ಕಲಿತ ಕಿವಿ ಬೇರೆಯೇ ಆಗುತ್ತದೆ. ನನ್ನ ಬೆರಳು ಎಲ್ಲಿದೆ ಎಂಬುದನ್ನು ನಾನು ಕಣ್ಣಿನಿಂದಾಗಲಿ ಇನ್ನೊಬ್ಬರ ಕೈಯಿಂದಾಗಲಿ ತಿಳಿಯಲಿಲ್ಲ.

ಒಳಗಿನವರಿಗೆಲ್ಲ ಮುಂಗೈಗೆ ದಾರ ಕಟ್ಟಿ ಶಿಷ್ಯರೆಂದು ಒಪ್ಪಿಕೊಂಡಿದ್ದರು. ಬಿ.ಎ. ಪಾಸಾದ ದಿನ ಪೇಢೆ ಒಯ್ದು ಕೊಟ್ಟು, ನನಗೂ ದಾರ ಕಟ್ಟುತ್ತೀರಾ ಎಂದು ಕೇಳಿದೆ.

“ದಾರ ಯಾಕ? ಕಲಿಯಾಕ ಬಂದೀದಿ, ಕಲಿ.”

ಪೇಢೆಯ ಪೊಟ್ಟಣ ಕಟ್ಟೆಯ ಮೇಲೆಯೇ ಉಳಿಯಿತು. ನಾನು ತಲೆ ಎತ್ತಿ ಗೂಟದ ಗಂಟನ್ನು ನೋಡಿದೆ. ಅದರ ಪಕ್ಕ ಇನ್ನೊಂದು ಗೂಟವಿತ್ತು, ಖಾಲಿ.

ಜಗಳವಾದದ್ದು ದಾರದ ಸಲುವಾಗಿ ಅಲ್ಲ, ಗದ್ದದ ಸಲುವಾಗಿ. ಪಿಟೀಲನ್ನು ಗದ್ದದ ಕೆಳಗೆ ಹಿಡಿದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಬಾರಿಸಬಹುದು, ಹಾಡಲಾಗದು. ನನಗೆ ಎರಡೂ ಬೇಕಿತ್ತು. ಅವ್ವನ ಹಳೆಯ ಸೀರೆಯ ಅಂಚನ್ನು ಹರಿದು ಪಟ್ಟಿ ಮಾಡಿ, ಕೊರಳಿಗೆ ಹಾಕಿ, ಪಿಟೀಲನ್ನು ಎದೆಯ ಮೇಲೆ ಇಳಿಸಿದೆ. ಈಗ ಗಂಟಲು ನನ್ನದು, ಕೈಯೂ ನನ್ನದು. ನಾನೇ ಕಟ್ಟಿದ ಪದವೊಂದನ್ನು ಹಾಗೆ ಹಾಡಿ ತೋರಿಸಿದೆ.

ಮಾಸ್ತರರ ಮುಖ ಕಪ್ಪಿಟ್ಟಿತು. “ಕೂಸಿಗಿ ಮೊಲಿ ಕೊಟ್ಟಂಗ ಹಿಡದೀಯಲ್ಲ. ಪಿಟೀಲ ಹಾಡವ್ರ ಹಿಂದ ಹೋಗ್ಬೇಕು. ಬಾರಿಸಾವ್ರು ಹಾಡಬಾರ್ದು, ಹಾಡಾವ್ರು ಕಟ್ಟಬಾರ್ದು. ಪದ ಕಟ್ಟಾಕ ಹಿರಿಯರು ಅದಾರ.”

“ಹಿರಿಯರು ನಮ್ಮ ಓಣಿ ಪದ ಕಟ್ಟಿಲ್ರಿ.”

“ಹಂಗಾರ ಓಣಿಗೇ ಹೋಗು.”

ಹೋದೆ. ಆ ಕಟ್ಟೆಯ ಮೇಲೆ ಮತ್ತೆ ಕೂರಲಿಲ್ಲ.

ಈಗ ಒಂದು ಫಜೀತಿ ಹೇಳುತ್ತೇನೆ. ಈ ದಂಧೆಗೆ ಬರುವವರು ಮರೆಯದೆ ನೆನಪಿಡಬೇಕಾದದ್ದು ಇದು. ಚಿಟಗುಪ್ಪದ ಒಬ್ಬ ಅಂಗಡಿಕಾರರ ಮನೆಯಲ್ಲಿ ತೊಟ್ಟಿಲು ಕಾರ್ಯ. ನನ್ನನ್ನೂ ಖಾಜಾ ಮಾಮುನನ್ನೂ ಕರೆಸಿದ್ದರು. ನಾನು ಹೊಸ ಜೋಗುಳ ಕಟ್ಟಿದ್ದೆ. ಅದಕ್ಕೆ ಅವ್ವನ ಬಾಯಲ್ಲಿ ಕೇಳಿದ್ದ ಒಂದು ಧಾಟಿ ಹಚ್ಚಿದ್ದೆ, ನಿಧಾನದ್ದು, ತೂಗಿದ ಹಾಗೆ ಇಳಿದು ಏರುವಂಥದ್ದು. ಮೊದಲು ಬರೀ ಪಿಟೀಲಿನಲ್ಲಿ ಬಾರಿಸಿದೆ. ಮಾತಿಲ್ಲ, ಪದವಿಲ್ಲ. ಆದರೂ ಒಂದೊಂದಾಗಿ ಹೆಂಗಸರ ಮುಖ ಬಿಗಿಯುತ್ತ ಬಂತು. ತೊಟ್ಟಿಲ ಹಗ್ಗ ಹಿಡಿದ ಕೈ ನಿಂತಿತು. ಮಗುವಿನ ತಾಯಿ ಸಟ್ಟನೆ ಕೂಸನ್ನು ಎತ್ತಿ ಎದೆಗವಚಿಕೊಂಡಳು.

ಹಗ್ಗ ಹಿಡಿದಾಕೆ ನನ್ನತ್ತ ಬಾಗಿದಳು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಚಂದಮ್ಮ.

“ಈ ಧಾಟಿ ಎಲ್ಲಿ ಕಲತಿ, ತಂಗಿ?”

“ನಮ್ಮವ್ವನ ಕಡಿಂದ್ರಿ.”

“ನಿಮ್ಮವ್ವ ಇದನ್ನ ಯಾವಾಗ ಹಾಡಿದ್ಲು, ನೆನಪ ಮಾಡ್ಕೊ.”

ನೆನಪು ಮಾಡಿಕೊಂಡೆ. ನಮ್ಮ ಅಜ್ಜಿ, ಆಯಿ, ತೀರಿಕೊಂಡ ದಿನ ಅವ್ವ ಹೆಣದ ತಲೆಯ ಬಳಿ ಕುಳಿತು ಅದೇ ಧಾಟಿಯಲ್ಲಿ ಅತ್ತಿದ್ದಳು. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುತ್ತಾರಲ್ಲ, ಅದು. ಮಾತು ಬಿಟ್ಟರೆ ಧಾಟಿಗೆ ಊರಿಲ್ಲ ಎಂದು ತಿಳಿದಿದ್ದೆ. ಅಲ್ಲಿ ಕುಳಿತ ಪ್ರತಿಯೊಬ್ಬ ಹೆಂಗಸಿಗೂ ಅದು ಯಾವ ಊರಿನದು ಎಂದು ಗೊತ್ತಿತ್ತು.

ಅತ್ತ ಗಂಡಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಯಾರೋ ಖಾಜಾ ಮಾಮುನ ಹೆಗಲ ಮೇಲೆ ಕೈ ಹಾಕಿ ಹೊರಗೆ ಬಾ ಎನ್ನುತ್ತಿದ್ದರು. ಚಂದಮ್ಮ ನನ್ನ ಕಿವಿಯ ಬಳಿ ಬಾಯಿ ತಂದಳು. ಹಳೆಯ ಜೋಗುಳವೊಂದರ ಸಾಲನ್ನು ಮಾತಿನಲ್ಲಿ ಹೇಳಿದಳು, ಧಾಟಿಯನ್ನು ಹಗ್ಗದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ನಾನು ಹಾಡಿದೆ. ಮುಂದಿನ ಸಾಲು ಹೇಳಿದಳು, ಹಾಡಿದೆ. ಹೀಗೆ ಪೂರ್ತಿ ಜೋಗುಳ. ಉಳಿದ ಹೆಂಗಸರು ದನಿ ಕೂಡಿಸಿದರು. ಕೂಸು ಮತ್ತೆ ತೊಟ್ಟಿಲಿಗೆ ಬಂತು. ಆ ಜನರ ನಡುವೆ ಎಲ್ಲರಿಗಿಂತ ಚೆನ್ನಾಗಿ ಹಾಡಬಲ್ಲವಳು ಒಬ್ಬಳೇ ಬಾಯಿ ಮುಚ್ಚಿ ಹಗ್ಗ ತೂಗುತ್ತಿದ್ದಳು.

ಬಸ್ಸಿನಲ್ಲಿ ಖಾಜಾ ಮಾಮು ಡೋಲಕಿಯ ಹಗ್ಗ ಬಿಗಿಯುತ್ತ ಕುಳಿತಿದ್ದ. ಆಮೇಲೆ, “ಬೇಟಾ, ಯಾರರೆ ಸತ್ತಾಗ ಮಯ್ಯತ್ತಿಗಿ ಕರದ್ರ ಜೋಗುಳ ಬಾರಸೋಣು. ಹಿಸಾಬ್ ಬರಾಬರ್,” ಎಂದ. ನನಗೆ ನಗು ಬರಲಿಲ್ಲ. ಕಣ್ಣ ಮುಂದೆ ಗೂಟವೇ ಇತ್ತು. ಸೋತವರಿಗೆ ಏನಾಗುತ್ತದೆ ಎಂಬುದು ಅಂದು ನನಗೆ ಸರಿಯಾಗಿ ತಿಳಿಯಿತು. ಸಾಯುವುದಿಲ್ಲ. ಎಲ್ಲ ನೆನಪಿರುತ್ತದೆ, ಬಾಯಿ ಮಾತ್ರ ತೆರೆಯುವಂತಿಲ್ಲ.

ಬಾನುಲಿಯ ಪರೀಕ್ಷೆಗೂ ಹೋಗಿದ್ದೆ. ಗಾಜಿನಾಚೆ ಕುಳಿತವರು ನನ್ನ ಪದ ಕೇಳಿ ಮೆಚ್ಚಿದರು. ಯಾರು ಕಟ್ಟಿದ್ದು ಎಂದರು. ನಾನೇ ಎಂದೆ. ಹಾಗಾದರೆ ಜಾನಪದದಲ್ಲಿ ಬರುವುದಿಲ್ಲ, ಕಟ್ಟಿದವರು ಎದುರಿಗೇ ಇದ್ದೀರಿ ಎಂದರು. ಬೇರೆ ವಿಭಾಗಕ್ಕೆ ಗುರುಗಳ ಹೆಸರು ಬೇಕಿತ್ತು. “ಗುರುಗಳು ಯಾರಮ್ಮ?” ಎಂದು ಒಬ್ಬರು ಬಹಳ ಮೃದುವಾಗಿಯೇ ಕೇಳಿದರು. ದಾರ ಕಟ್ಟದವರ ಹೆಸರು ಹೇಳಿದರೆ ಸುಳ್ಳು, ಹೇಳದಿದ್ದರೆ ಕಳವು. ರೆಕಾರ್ಡಿಂಗಿನ ಕೆಂಪು ದೀಪ ಆರುತ್ತಲೇ ಪಿಟೀಲು ಎತ್ತಿಕೊಂಡು ಹೊರಗೆ ಬಂದೆ. ಸತ್ತ ಮೇಲೆ ನಾನು ಜಾನಪದ ಆಗುತ್ತೇನೆ ಎಂದು ಖಾಜಾ ಮಾಮುಗೆ ಹೇಳಿದೆ. “ಗಡಬಡಿ ಮಾಡಬ್ಯಾಡ,” ಎಂದ.

ಬಾನುಲಿ ಇಲ್ಲದೆಯೂ ದಾರಿ ಆಯಿತು. ಮೊದಲು ಕ್ಯಾಸೆಟ್ಟು, ಆಮೇಲೆ ಸಿ.ಡಿ., ಆಮೇಲೆ ಎಲ್ಲರ ಜೇಬಿನಲ್ಲೂ ಮೊಬೈಲು. ಕಸ ತೆಗೆಯುವ ಹೆಂಗಸರು ಹೊಲದ ಬದುವಿನ ಮೇಲೆ ಫೋನ್ ಇಟ್ಟು ನನ್ನ ಪದ ಹಚ್ಚುತ್ತಾರೆ ಎಂದು ಕೇಳಿದ ದಿನ ಎರಡು ರೊಟ್ಟಿ ಹೆಚ್ಚು ಉಂಡೆ. ಪಿಟೀಲಿಗೆ ಸಿಕ್ಕಿಸುವ ಸಣ್ಣ ಮೈಕು ಬಂತು. ಶ್ರುತಿಗೆ ಪೆಟ್ಟಿಗೆ ಬೇಡವಾಯಿತು, ಫೋನೇ ಸಾಕಾಯಿತು. ಆದರೆ ಬಿಸಿಲಿಗೆ ತಂತಿ ಇಳಿಯುವುದು ಮಾತ್ರ ಯಾವ ಕಾಲಕ್ಕೂ ತಪ್ಪಲಿಲ್ಲ. ಅದನ್ನು ಕಿವಿಯೇ ಹಿಡಿಯಬೇಕು.

ಒಂದು ಸುಗ್ಗಿ ಮುಗಿದ ಮೇಲೆ ಮೋರಖಂಡಿಯಿಂದ ಕರೆ ಬಂತು. ಊರಲ್ಲಿ ಹಾಡಿಕೆ ಇಟ್ಟಿದ್ದಾರೆ, ನಾಗೇಶಿ ಮೇಳದವರು ಕೈ ಕೊಟ್ಟಿದ್ದಾರೆ, ನಮ್ಮೂರ ಮಗಳು ಅಂತ ನೀವು ಬರಬೇಕು ಎಂದರು. ಹರದೇಶಿ ಕಡೆ ಯಾರು ಎಂದು ಕೇಳಿದೆ.

“ಶರಣಯ್ಯ ಮಾಸ್ತರ್ರೀ. ವಯಸ್ಸಾಗ್ಯದ, ಹಾಡಂಗಿಲ್ಲ ಅಂದಿದ್ರು. ನಿಮ್ಮ ಹೆಸರ ಹೇಳಿದ ಕೂಡ್ಲೆ ಬರ್ತೀನಿ ಅಂದ್ರು.”

ಬೇಡ ಎನ್ನಬಹುದಿತ್ತು. ಎಂದಿದ್ದರೆ ನನ್ನ ಊರಲ್ಲೇ ನಾನು ಸೋತ ಹಾಗೆ. ಖಾಜಾ ಮಾಮುಗೆ ಆಗ ಮೊಣಕಾಲು ನೋವು, ಆದರೂ ಡೋಲಕಿ ಹೆಗಲಿಗೇರಿಸಿದ. “ಬಟ್ಟಿ ಹಾಸ್ತಾರೇನು?” ಎಂದು ಒಂದೇ ಮಾತು ಕೇಳಿದ. ಈಗಿನ ಕಾಲದಲ್ಲಿ ಯಾರು ಹಾಸುತ್ತಾರೆ ಮಾಮು ಎಂದೆ.

ಹಾಸಿದ್ದರು.

ಬೇವಿನ ಮರದ ಮುಂದೆ, ಇಳಿಬಿಸಿಲಿನಲ್ಲಿ, ಎರಡು ಮೇಳದ ನಡುವೆ ಬಿಳಿ ಬಟ್ಟೆ. ಮಾಸ್ತರರ ಮೇಳದ ಗಂಡಸರು ಅದರ ನಾಲ್ಕು ಮೂಲೆಗೆ ಕಲ್ಲಿಟ್ಟು ನನ್ನನ್ನು ನೋಡಿ ನಕ್ಕರು. ಒಂದು ಕಡೆ ಊರ ಹಿರಿಯರು ಖುರ್ಚಿಯಲ್ಲಿ. ಇನ್ನೊಂದು ಕಡೆ, ಒಂದಷ್ಟು ದೂರದಲ್ಲಿ, ನಮ್ಮ ಓಣಿಯವರು ನೆಲದ ಮೇಲೆ. ನಡುವೆ ಎತ್ತಿ ಹಿಡಿದ ಮೊಬೈಲುಗಳು. ಮಾಸ್ತರರು ಸಣ್ಣಗಾಗಿದ್ದರು, ಕೈಯಲ್ಲಿ ಏಕತಾರಿ. ನಮಸ್ಕಾರ ಮಾಡಿದೆ. ತಲೆ ಅಲ್ಲಾಡಿಸಿದರೋ ಇಲ್ಲವೋ ತಿಳಿಯಲಿಲ್ಲ.

ಮೊದಲ ಸವಾಲುಗಳೆಲ್ಲ ಹಳೆಯವು. ಅವರು ಕೇಳಿದ್ದಕ್ಕೆ ನಾನು ಹೇಳಿದೆ, ನಾನು ಕೇಳಿದ್ದಕ್ಕೆ ಅವರು ಹೇಳಿದರು. ಹೊತ್ತು ಇಳಿಯುತ್ತಿತ್ತು. ಸಮಸಮ ಎಂದು ಹಿರಿಯರು ಏಳುವುದರಲ್ಲಿದ್ದರು. ಆಗ ಮಾಸ್ತರರು ಏಕತಾರಿಯ ತಂತಿಯನ್ನು ಒಮ್ಮೆ ಮೀಟಿ ಹೊಸ ಪದ ಎತ್ತಿದರು:

ಬಳ್ಳೀಗಿ ಬೇರುಂಟ ಬಾವೀಗಿ ಸೆಲಿಯುಂಟ
ಕಳ್ಳೀಗೂ ಒಂದು ನೆಲವುಂಟ, ಓದೀದ
ಹಳ್ಳೀಯ ತಂಗಿ ಗುರು ಯಾರ?

ಈ ಹಾಡಿಕೆಯಲ್ಲಿ ಮುಗಿಸುವ ಪದದಲ್ಲಿ ಗುರುವಿನ ಹೆಸರು ಬರಬೇಕು. ನಾನು ಇಷ್ಟು ವರ್ಷ ನನ್ನ ಯಾವ ಪದದಲ್ಲೂ ಗುರುವಿನ ಹೆಸರನ್ನು ಇಟ್ಟಿರಲಿಲ್ಲ. ಅವರು ಅಲ್ಲಿಗೇ ಗುರಿ ಇಟ್ಟಿದ್ದರು. ಗುರುವಿಲ್ಲ ಎಂದರೆ ಪದ ಅನಾಥ, ಅನಾಥ ಪದಕ್ಕೆ ಜವಾಬಿನ ಬೆಲೆ ಇಲ್ಲ, ಬಟ್ಟೆ ಕಾದಿದೆ. ಅವ್ವನೇ ಗುರು ಎಂದರೆ, ಅವ್ವ ಯಾರ ಶಿಷ್ಯೆ ಎಂದು ಮರುಸವಾಲು ಬರುತ್ತದೆ. ನೀವೇ ಗುರು ಎಂದರೆ, ಗುರುವಿನ ಎದುರು ನಿಂತ ಶಿಷ್ಯೆ ವಾದ್ಯವನ್ನು ಕಾಲ ಬಳಿ ಇಡಬೇಕು. ಮೂರು ದಾರಿ, ಮೂರೂ ಹೋಗಿ ಸೇರುವುದು ಆ ಬಟ್ಟೆಗೆ.

ಖಾಜಾ ಮಾಮು ಡೋಲಕಿ ನಿಲ್ಲಿಸಲಿಲ್ಲ. ಅದೇ ಠೇಕಾವನ್ನು ಸುತ್ತಿ ಸುತ್ತಿ ಬಾರಿಸುತ್ತ ತುಟಿ ಅಲ್ಲಾಡಿಸದೆ, “ಕೈ ನಿಂದ್ರಸಬ್ಯಾಡ ಬೇಟಾ,” ಎಂದ. ನಾನು ಬರೀ ಕಮಾನು ಎಳೆಯುತ್ತಿದ್ದೆ. ಹರದೇಶಿ ಕಡೆಯವನೊಬ್ಬ ಕೂಗಿದ: “ಬಿ.ಎ. ಬಾಯೋರ, ಪುಸ್ತಕದಾಗ ಇಲ್ಲೇನ್ರಿ?” ನಗು ಎದ್ದಿತು. ಇನ್ನೊಬ್ಬ ಬಟ್ಟೆಯ ಒಂದು ಮೂಲೆಯ ಕಲ್ಲು ತೆಗೆದ. ನಮ್ಮ ಓಣಿಯವರು ನೆಲ ನೋಡುತ್ತಿದ್ದರು.

ಆಗ ಪರೀಕ್ಷೆಯ ಬುದ್ಧಿ ನೆನಪಾಯಿತು. ಪ್ರಶ್ನೆ ಇನ್ನೊಮ್ಮೆ ಓದು. ಕೈ ಎತ್ತಿ, “ಸವಾಲ ಇನ್ನೊಮ್ಮಿ ಹಾಡ್ರಿ ಮಾಸ್ತರ,” ಎಂದೆ. ಕೇಳುವ ಹಕ್ಕಿದೆ. ಹಾಡಿದರು. ಈ ಸಲ ನಾನು ಪದ ಬಿಟ್ಟು ಅವರ ಮುಖ ನೋಡಿದೆ. ಕೊನೆಯ ಸಾಲಿಗೆ ಬಂದಾಗ ಅವರು ಜನರ ಕಡೆ ನೋಡಲಿಲ್ಲ, ಬಟ್ಟೆಯ ಕಡೆ ನೋಡಲಿಲ್ಲ. ನನ್ನ ಎಡಗೈ ಬೆರಳುಗಳನ್ನು ನೋಡುತ್ತಿದ್ದರು.

ಗುರು ಯಾರು ಎಂಬ ಪ್ರಶ್ನೆಗೆ ಉತ್ತರ ನನ್ನ ಬಳಿ ಇರಲಿಲ್ಲ. ಅದು ಅವರ ಬಳಿಯೇ ಇತ್ತು. ಪೇಢೆ ಕೊಟ್ಟ ದಿನದಿಂದ ಅವರ ಬಳಿಯೇ ಉಳಿದಿತ್ತು. ನೀನು ನನ್ನ ಶಿಷ್ಯೆ ಎನ್ನುವುದೋ, ನಿನ್ನನ್ನು ಬಿಟ್ಟೆ ಎನ್ನುವುದೋ, ಅದು ಅವರು ಹೇಳಬೇಕಾದ ಮಾತು. ನಾನು ಹಾಡಿದೆ:

ಕಟ್ಟೀಯ ಮ್ಯಾಲ ಕುಂತ ಕಿವಿಯಾಗ ಕಲತೇನ
ಮುಟ್ಟದ ಕೈಯೇ ನನ ಗುರುವು, ಶರಣಯ್ಯ
ಬಿಟ್ಟೇನ ಅಂತೊಮ್ಮಿ ನೀ ಹೇಳ

ಡೋಲಕಿ ನಿಂತಿತು. ಖಾಜಾ ಮಾಮು ತಾನಾಗಿ ನಿಲ್ಲಿಸಿದ್ದನ್ನು ನಾನು ಮೊದಲ ಸಲ ನೋಡಿದೆ. ನಗುತ್ತಿದ್ದವರ ಬಾಯಿ ಹಾಗೇ ಉಳಿಯಿತು. ‘ಮುಟ್ಟದ ಕೈ’ ಎಂದರೆ ಏನು ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಖುರ್ಚಿಯ ಮೇಲಿದ್ದವರಿಗೂ ಗೊತ್ತಿತ್ತು, ನೆಲದ ಮೇಲಿದ್ದವರಿಗೂ ಗೊತ್ತಿತ್ತು. ಒಂದು ಹಿರಿಯ ದನಿ, “ಇದು ಸರಿ ಅಲ್ಲ, ಮಾಸ್ತರಿಗಿ ಹೀಂಗ ಅನಬಾರ್ದು,” ಎಂದು ಏರತೊಡಗಿತು. ನಮ್ಮ ಓಣಿಯ ಗಂಡಸರಿಬ್ಬರು ಎದ್ದು ನಿಂತರು. ಅದನ್ನು ನೋಡಿ ಆ ಕಡೆಯೂ ಎದ್ದರು. ಯಾವುದಾದರೂ ಒಂದು ಮಾತು ತಪ್ಪಿ ಬಿದ್ದಿದ್ದರೆ ಅಂದು ಏನಾಗುತ್ತಿತ್ತೋ.

ಮಾಸ್ತರರು ಏಕತಾರಿಯನ್ನು ಕೆಳಗಿಟ್ಟರು. ಎದ್ದರು. ನನ್ನ ಕಡೆ ನಡೆದರು. ನಡುವೆ ಬಟ್ಟೆ ಹಾಸಿತ್ತು. ಅವರು ಸುತ್ತಿಕೊಂಡು ಬರಲಿಲ್ಲ. ಧೂಳಿನ ಕಾಲನ್ನು ಅದರ ಮೇಲೆಯೇ ಇಟ್ಟು, ತುಳಿದು, ದಾಟಿ ಬಂದರು. ನನ್ನ ಎದುರು ನಿಂತು ಎರಡೂ ಕೈ ಚಾಚಿದರು. ಕಸಿದುಕೊಳ್ಳಲು ಬಂದರು ಎಂದೇ ತಿಳಿದೆ. ಕೊರಳ ಪಟ್ಟಿ ತೆಗೆದು ಪಿಟೀಲು ಕೊಟ್ಟೆ.

ಅವರು ಪಿಟೀಲನ್ನು ಕಿವಿಯ ಹತ್ತಿರ ಒಯ್ದರು. ಎರಡನೇ ತಂತಿಯನ್ನು ಹೆಬ್ಬೆರಳಿನಿಂದ ಮೀಟಿದರು. ಬಿರಡೆ ತಿರುವಿದರು, ಜರಾ, ಇನ್ನೂ ಜರಾ. ಮತ್ತೆ ಮೀಟಿದರು. ನನ್ನ ಕೈಗೆ ವಾಪಸ್ ಕೊಟ್ಟರು.

“ಎರಡನೇ ತಂತಿ ಆಗಿಂದ ಇಳದದ. ಕಿವಿ ಎಲ್ಲಿಟ್ಟಿದ್ದಿ? ಹಾಡು ಮುಂದ.”

ಅವರ ಮೇಳದವನು ಹಿಂದಿನಿಂದ ಕೂಗಿದ: “ಮಾಸ್ತರ್ರ, ಆಕಿ ಪದಕ್ಕ ಜವಾಬ್ ಕೊಡ್ರಿ.”

ಅವರು ತಿರುಗಿಯೂ ನೋಡಲಿಲ್ಲ. “ಕೊಟ್ಟೀನಲ್ಲ.”

ಆ ದಿನದ ವಿಡಿಯೋ ಇನ್ನೂ ಓಡಾಡುತ್ತದೆ. ಯಾರೋ ನಾನು ಬಾಯಿ ಕಟ್ಟಿ ನಿಂತ ತುಣುಕನ್ನಷ್ಟೇ ಕತ್ತರಿಸಿ ಹಾಕಿದ್ದಾರೆ. ಹುಡುಗರು ಅದನ್ನು ತೋರಿಸಿ, ಅಕ್ಕೋರ ನೀವು ಸೋತಿದ್ರಂತೆ ಎನ್ನುತ್ತಾರೆ. ಮುಂದಿನ ತುಣುಕು ಯಾರ ಫೋನಿನಲ್ಲೂ ಇಲ್ಲ. ಆಗ ಎಲ್ಲರೂ ಕೈ ಇಳಿಸಿ ಬರಿಗಣ್ಣಿನಿಂದ ನೋಡುತ್ತಿದ್ದರು.

ಕೆಲವು ವರ್ಷಗಳ ನಂತರ ಮಾಸ್ತರರು ಹೇಳಿಕಳಿಸಿದರು. ಹೋದೆ. ಕಾಲು ತಾನಾಗಿ ಕಟ್ಟೆಯ ಬಳಿ ನಿಂತಿತು. ಒಳಗೆ ಮಂಚದ ಮೇಲೆ ಮಲಗಿದ್ದವರು, “ಅಲ್ಲೇನ್ ನಿಂತೀದಿ, ಒಳಗ ಬಾ,” ಎಂದರು. ಆಮೇಲೆ ಕಿಟಕಿಯಿಂದ ಗೂಟದ ಕಡೆ ಕಣ್ಣು ಹೊರಳಿಸಿದರು. “ನನ್ನ ಕೈ ಏಳಂಗಿಲ್ಲ. ಆ ಗಂಟ ನೀ ಬಿಚ್ಚು.”

ಗೆದ್ದವರು ಬಿಚ್ಚಬೇಕು, ಇಲ್ಲವೆ ಅವರ ಶಿಷ್ಯರು. ನಾನು ಅವರ ಮುಖ ನೋಡಿದೆ.

“ಏನ್ ನೋಡ್ತಿ? ಬಿಚ್ಚು ಅಂದೆ.”

ಗಂಟು ಕಲ್ಲಾಗಿತ್ತು. ಹಲ್ಲು ಹಚ್ಚಿ ಬಿಚ್ಚಬೇಕಾಯಿತು. ದಪ್ಪನ್ನು ಅದೇ ಬಟ್ಟೆಯಲ್ಲಿಟ್ಟುಕೊಂಡು ನೆಟ್ಟಗೆ ಚಿಟಗುಪ್ಪದ ಬಸ್ ಹತ್ತಿದೆ. ಚಂದಮ್ಮ ಬಾಗಿಲಲ್ಲಿ ಕುಳಿತು ಹೆಸರುಕಾಳು ಆರಿಸುತ್ತಿದ್ದಳು. ದಪ್ಪನ್ನು ಮಡಿಲಿಗಿಟ್ಟೆ. ತಿರುಗಿಸಿ ನೋಡಿದಳು, ಬೆರಳಿನಿಂದ ಬಡಿದಳು. ಸತ್ತ ದನಿ. ಚರ್ಮವನ್ನು ಹುಳು ತಿಂದಿತ್ತು.

“ಇದರಾಗ ಇನ್ನ ಕಾಳ ಕೇರಬೌದು, ನೋಡು,” ಎಂದು ನಕ್ಕಳು. ದಪ್ಪನ್ನು ಪಕ್ಕಕ್ಕಿಟ್ಟಳು. “ಮಾಸ್ತರ ಅದಾರೇನು ಇನ್ನಾ?”

“ಅದಾರ. ಮಲಗ್ಯಾರ.”

“ಫೋನ್ ಹಚ್ಚು.”

ಹಚ್ಚಿದೆ. ಮಾಸ್ತರರ ಮನೆಯವರು ಅವರ ಕಿವಿಯ ಬಳಿ ಇಟ್ಟರು. ಚಂದಮ್ಮ ತೊಡೆಯ ಮೇಲೆ ತಾಳ ಹಾಕಿಕೊಂಡು, ಅಂದು ಮಾತಿನಲ್ಲಿ ಹೇಳಿದ್ದನ್ನು ಹಾಡಿದಳು. ಪದಕ್ಕೆ ಕೂಡಿಸಿ ಎಷ್ಟು ಕಾಲವಾಗಿತ್ತೋ, ಎಲ್ಲೂ ತಡವರಿಸಲಿಲ್ಲ:

ಬಿತ್ತೀದ ಬೀಜಕ್ಕ ಹೊತ್ತಿರುವ ನೆಲ ಮೊದಲ
ಎತ್ತಿಟ್ಟ ಮಡಿಕೀನೂ ಮಣ್ಣಲ್ಲೇನ, ಮಾಸ್ತರ
ಹೊತ್ತಾದ್ರೂ ಇದು ನನ್ನ ಜವಾಬ

ಫೋನಿನಿಂದ ಮಾಸ್ತರರ ಸಣ್ಣ ದನಿ: “ಹಾಂ. ಈಗ ಜವಾಬ್ ಆತು.”

“ತಡ ಆತಲ್ರಿ ಮಾಸ್ತರ.”

“ನನ್ನದೂ ತಡ ಆತವ್ವ.”

ಹೊರಡುವಾಗ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದಿದ್ದೆ. ಚಂದಮ್ಮ ಅದನ್ನು ಝಾಡಿಸಿ, ಮಡಚಿ ನನ್ನ ಹೆಗಲಿಗೆ ಹಾಕಿದಳು. “ನಂಗ್ಯಾಕ ಇದು? ನೀ ಒಯ್ಯಿ. ಪಿಟೀಲ ಒರಸಾಕ ಬರ್ತದ.”

ಈಗ ನನ್ನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಬಾರಿಸುವುದನ್ನು ನಿಲ್ಲಿಸಿದ್ದೇನೆ, ಯಾರೂ ನಿಲ್ಲಿಸಿದ್ದಲ್ಲ. ಬರುವ ಹುಡುಗ ಹುಡುಗಿಯರನ್ನು ಪಡಸಾಲೆಯಲ್ಲಿ ಎದುರಿಗೆ ಕೂರಿಸಿಕೊಂಡು, ಬೆರಳು ಹಿಡಿದು ತಂತಿಯ ಮೇಲಿಟ್ಟು ಕಲಿಸುತ್ತೇನೆ. ಅಟ್ಟದ ಮೇಲೆ ನನ್ನ ಪಿಟೀಲು ಚಂದಮ್ಮ ಕೊಟ್ಟ ಬಟ್ಟೆಯಲ್ಲಿದೆ. ಎಷ್ಟು ಸಲ ಒಗೆದರೂ ಗಂಟಿನ ಸುಕ್ಕು ಹೋಗಿಲ್ಲ. ಬಾರಿಸಿ ನೋಡಬೇಕು ಎನ್ನುವವರು ಕೇಳದೆಯೇ ತೆಗೆದುಕೊಳ್ಳಬಹುದು. ಬರೀ ಸುತ್ತಿಟ್ಟಿದ್ದೇನೆ, ಗಂಟು ಹಾಕಿಲ್ಲ.